ನಾಣ್ಯ, ರಾಜ್ಯ ಮತ್ತು ದುಡಿಮೆ: ಬಿಟ್‌ಕಾಯಿನ್ ಪಕ್ಷಪಾತಿಗಳ ಸಂದೇಹವಾದ

ಹಣದ ಇತಿಹಾಸವೆಂಬುದು ಬಹುಮಟ್ಟಿಗೆ ನಂಬಿಕೆಯ ಇತಿಹಾಸವೇ ಆಗಿದೆ. ಸಂತೆಯಲ್ಲಿ ಅಕ್ಕಿಯನ್ನು ಅಳೆದುಕೊಟ್ಟ ವ್ಯಾಪಾರಿ ಅದಕ್ಕೆ ಪ್ರತಿಯಾಗಿ ಒಂದು ಕಾಗದವನ್ನು ಪಡೆದು ತೃಪ್ತನಾಗುವುದು, ನಾಳೆ ಮತ್ತೊಬ್ಬನು ಅದನ್ನು ತನ್ನಿಂದ ಸ್ವೀಕರಿಸುವನೆಂಬ ಭರವಸೆಯಿಂದಲೇ ಹೊರತು ಕಾಗದದಲ್ಲಿರುವ ಯಾವ ಗುಣದಿಂದಲೂ ಅಲ್ಲ. ಅನೇಕ ಶತಮಾನಗಳಿಂದ ಈ ಭರವಸೆಗೆ ಆಸರೆಯಾಗಿರುವುದು ರಾಜಮುದ್ರೆ. ಆ ಮುದ್ರೆ ಅನವಶ್ಯಕವೆಂದೂ, ಅನರ್ಥಗಳಿಗೆ ಅದೇ ಮೂಲವೆಂದೂ ವಾದಿಸತಕ್ಕ ಒಂದು ಪಂಗಡ 2009ರಿಂದೀಚೆಗೆ ಪ್ರಬಲವಾಗಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿಯೂ ಈ ಮತಕ್ಕೆ ಒಲಿದವರು ಅಪರೂಪವಲ್ಲ. ಅವರನ್ನು ಬರಿಯ ಜೂಜುಗಾರರೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಿಂದ ಅವರ ಪ್ರಶ್ನೆಗೆ ಉತ್ತರ ದೊರೆತಂತಾಗುವುದಿಲ್ಲ. ಅವರ ವಾದವನ್ನು ಅದರ ಪ್ರಬಲವಾದ ರೂಪದಲ್ಲಿಯೇ ನಿರೂಪಿಸಿ, ಬಳಿಕ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕನು ಅಗ್ಗದ ಲೋಹದ ನಾಣ್ಯಗಳನ್ನು ಬೆಳ್ಳಿಯ ಟಂಕದ ಬೆಲೆಗೆ ಚಲಾಯಿಸಲು ಹೊರಟು ಸೋತುದನ್ನು ಎಲ್ಲರೂ ಬಲ್ಲರು. ಆ ನಾಣ್ಯವನ್ನು ಯಾರು ಬೇಕಾದರೂ ಮನೆಯಲ್ಲಿಯೇ ಟಂಕಿಸಬಹುದಾಗಿದ್ದುದು ಅವನ ಸೋಲಿಗೆ ಮುಖ್ಯ ಕಾರಣ. ಗಣಕಯಂತ್ರದಲ್ಲಿ ಅಂಕೆಗಳ ರೂಪದಲ್ಲಿರುವ ಹಣಕ್ಕೆ ಇದೇ ದೋಷ ಇನ್ನೂ ಹೆಚ್ಚಾಗಿ ತಗಲುತ್ತದೆ. ಅಂಕೆಯನ್ನು ನಕಲು ಮಾಡಲು ಲೋಹವೂ ಬೇಡ, ಕುಲುಮೆಯೂ ಬೇಡ. ಒಂದೇ ಹಣವನ್ನು ಇಬ್ಬರಿಗೆ ಕೊಡದಂತೆ ತಡೆಯಲು ನಡುವೆ ಒಂದು ಬ್ಯಾಂಕು ಇರಲೇಬೇಕೆಂದು ಬಹುಕಾಲ ಭಾವಿಸಲಾಗಿತ್ತು. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಒಂಬತ್ತು ಪುಟಗಳ ಪ್ರಬಂಧವು ಇದಕ್ಕೆ ಬೇರೊಂದು ಪರಿಹಾರವನ್ನು ಸೂಚಿಸಿತು. ಲೆಕ್ಕದ ಪುಸ್ತಕವನ್ನು ಒಬ್ಬ ಶಾನುಭೋಗನ ಕೈಯಲ್ಲಿಡದೆ, ಅದರ ಪ್ರತಿಯನ್ನು ಸಾವಿರಾರು ಗಣಕಗಳಲ್ಲಿ ಬಹಿರಂಗವಾಗಿ ಇರಿಸುವುದು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ವ್ಯವಹಾರಗಳ ಒಂದು ಕಂತೆಯನ್ನು ಅದಕ್ಕೆ ಸೇರಿಸುವುದು. ಸೇರಿಸುವ ಅಧಿಕಾರವನ್ನು, ಅಪಾರ ವಿದ್ಯುತ್ತನ್ನು ವ್ಯಯಿಸಿ ಒಂದು ಕಠಿಣವಾದ ಗಣಿತದ ಒಗಟನ್ನು ಬಿಡಿಸಿದವನಿಗೆ ಮಾತ್ರ ಕೊಡುವುದು. ಹಾಗೆ ಬಿಡಿಸಿದವನಿಗೆ ಹೊಸ ಬಿಟ್‌ಕಾಯಿನ್‌ಗಳು ಪ್ರತಿಫಲವಾಗಿ ದೊರೆಯುತ್ತವೆ. ಈ ಪ್ರತಿಫಲ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ನಾಣ್ಯಗಳ ಒಟ್ಟು ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರದು.

ಈ ಪಂಗಡದ ಮೊದಲ ಸಂದೇಹ ಹಣವನ್ನೂ ರಾಜ್ಯವನ್ನೂ ಕುರಿತದ್ದು. ಹಣವನ್ನು ಹೊರಡಿಸತಕ್ಕ ಅಧಿಕಾರ ಯಾರ ಕೈಯಲ್ಲಿದೆಯೋ ಅವನು ಒಂದಲ್ಲ ಒಂದು ದಿನ ಅದನ್ನು ದುರುಪಯೋಗಪಡಿಸದೆ ಇರಲಾರನೆಂಬುದು ಅವರ ಸಿದ್ಧಾಂತ. ಇದಕ್ಕೆ ಅವರು ಕೊಡುವ ನಿದರ್ಶನಗಳು ದುರ್ಬಲವಾದವುಗಳಲ್ಲ. 1923ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳಾಗಿ, ಜೀವಮಾನದ ಉಳಿತಾಯಗಳು ಕಸವಾದವು. 1933ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರು, ಪ್ರಜೆಗಳು ತಮ್ಮಲ್ಲಿರುವ ಬಂಗಾರವನ್ನು, ಸಣ್ಣಪುಟ್ಟ ವಿನಾಯಿತಿಗಳ ಹೊರತು, ಔನ್ಸಿಗೆ 20.67 ಡಾಲರಿನಂತೆ ಒಪ್ಪಿಸಬೇಕೆಂದು ಆಜ್ಞಾಪಿಸಿದರು. ಮರುವರ್ಷವೇ ಸರಕಾರ ಬಂಗಾರದ ದರವನ್ನು 35 ಡಾಲರಿಗೆ ಏರಿಸಿತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನರು ಡಾಲರಿಗೂ ಬಂಗಾರಕ್ಕೂ ಉಳಿದಿದ್ದ ಸಂಬಂಧವನ್ನೂ ಕಡಿದರು. 1976ರಲ್ಲಿ ಅರ್ಥಶಾಸ್ತ್ರಜ್ಞ ಹಾಯೆಕ್, ಹಣವನ್ನು ಹೊರಡಿಸುವ ಏಕಸ್ವಾಮ್ಯವನ್ನು ಸರಕಾರಗಳಿಂದ ತೆಗೆದು ಖಾಸಗಿ ಸಂಸ್ಥೆಗಳ ಸ್ಪರ್ಧೆಗೆ ಬಿಡಬೇಕೆಂದು ಒಂದು ಗ್ರಂಥದಲ್ಲಿ ಪ್ರತಿಪಾದಿಸಿದರು. 2008ರಲ್ಲಿ ದೊಡ್ಡ ಬ್ಯಾಂಕುಗಳು ಕುಸಿದಾಗ ಸರಕಾರಗಳು ಸಾರ್ವಜನಿಕ ಧನದಿಂದ ಅವನ್ನು ಎತ್ತಿ ನಿಲ್ಲಿಸಿದುವು. 2009ರ ಜನವರಿ 3ರ ದಿನಾಂಕವುಳ್ಳ ಬಿಟ್‌ಕಾಯಿನ್ನಿನ ಪ್ರಥಮ ಕಂತೆಯಲ್ಲಿ, ಬ್ಯಾಂಕುಗಳಿಗೆ ಎರಡನೆಯ ಸಲ ನೆರವು ನೀಡುವ ವಿಚಾರವಾಗಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅಂದು ಬಂದ ತಲೆಬರಹವನ್ನು ಅದರ ಕರ್ತೃ ಹುದುಗಿಸಿರುವುದು ಅರ್ಥಪೂರ್ಣವಾಗಿದೆ. ನಮ್ಮ ದೇಶದಲ್ಲಿ 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು, ಎಂದರೆ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ ಸುಮಾರು 86 ಭಾಗ, ಕೆಲವೇ ಗಂಟೆಗಳ ಅವಧಿಯಲ್ಲಿ ರದ್ದಾದುದನ್ನು ಕಂಡವರಿಗೆ ಈ ಸಂದೇಹದ ಬಿಸಿಯನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಸಂದೇಹ ದುಡಿಮೆಯನ್ನು ಕುರಿತದ್ದು. ತರುಣರ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಇದೇ. ಕೂಲಿಯಾಗಲಿ ಸಂಬಳವಾಗಲಿ, ಹಣವೆಂಬುದು ಕಳೆದುಹೋದ ದಿನಗಳ ಶ್ರಮವನ್ನು ಕಾಪಿಟ್ಟ ಕಣಜ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಸುಮಾರು ಹನ್ನೆರಡು ವರ್ಷಗಳಲ್ಲಿ ಆ ಕಣಜದ ಅರ್ಧ ಬರಿದಾಗುತ್ತದೆ. ಆದಕಾರಣ ದುಡಿದು ಕೂಡಿಟ್ಟವನು ನೆಮ್ಮದಿಯಾಗಿ ಕುಳಿತಿರಲಾರ. ಶಾಲೆಯ ಉಪಾಧ್ಯಾಯನೂ ಷೇರು, ನಿವೇಶನಗಳ ಲೆಕ್ಕಾಚಾರಕ್ಕೆ ಇಳಿಯಬೇಕಾಗುತ್ತದೆ. ಹಣ ಕರಗುವುದೆಂದು ತಿಳಿದವನು ಇಂದಿನ ಭೋಗಕ್ಕೆ ಮನಸೋಲುತ್ತಾನೆ. ನಾಳೆಗಾಗಿ ಕಾಯುವ ಸಂಯಮವೂ ಕುಶಲಕರ್ಮದ ಶ್ರದ್ಧೆಯೂ ಸಮಾಜದಲ್ಲಿ ಕ್ಷೀಣಿಸುತ್ತವೆ. ಸೈಫೆದ್ದೀನ್ ಅಮ್ಮೂಸ್ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಾದಸರಣಿಯನ್ನು ವಿಸ್ತಾರವಾಗಿ ಬೆಳೆಸಿದ್ದಾರೆ. ಒಗಟು ಬಿಡಿಸುವ ಕ್ರಮಕ್ಕೆ ಶ್ರಮದ ಪುರಾವೆಯೆಂಬ ಹೆಸರಿರುವುದನ್ನು ಈ ಪಂಗಡದವರು ಹೆಮ್ಮೆಯಿಂದ ಎತ್ತಿ ಹೇಳುತ್ತಾರೆ. ತಮ್ಮ ನಾಣ್ಯ ಲೇಖನಿಯ ಒಂದು ಗೀಟಿನಿಂದ ಹುಟ್ಟಿದ್ದಲ್ಲ, ವ್ಯಯದಿಂದ ಹುಟ್ಟಿದ್ದು ಎಂಬುದು ಅವರ ಅಭಿಪ್ರಾಯ.

ಈ ಎರಡು ಸಂದೇಹಗಳಲ್ಲಿಯೂ ಸತ್ಯಾಂಶವಿದೆಯೆಂದು ಒಪ್ಪಲೇಬೇಕು. ಆದರೆ ರೋಗವನ್ನು ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಔಷಧವೂ ಸರಿಯಾದುದೆಂದು ಹೇಳಲಾಗುವುದಿಲ್ಲ.

ಮೊದಲನೆಯದಾಗಿ, ನಂಬಿಕೆಯ ಅಗತ್ಯ ಇಲ್ಲವಾಗಲಿಲ್ಲ. ಅದರ ನೆಲೆ ಮಾತ್ರ ಬದಲಾಯಿತು. ಬಹಿರಂಗವಾದ ಲೆಕ್ಕದ ಪುಸ್ತಕವನ್ನು ಯಾರೂ ಸುಲಭವಾಗಿ ತಿದ್ದಲಾರರೆಂಬುದು ನಿಜ. ಆದರೆ ತನ್ನ ಗುಪ್ತ ಸಂಕೇತವನ್ನು ತಾನೇ ಕಾಯ್ದುಕೊಳ್ಳುವ ಹೊರೆ ಸಾಮಾನ್ಯರಿಗೆ ಭಾರವಾದುದರಿಂದ, ಅವರು ಅದನ್ನು ವಿನಿಮಯ ಸಂಸ್ಥೆಗಳಿಗೆ ಒಪ್ಪಿಸಿದರು. ಟೋಕಿಯೋದ ಮೌಂಟ್ ಗಾಕ್ಸ್ ಸಂಸ್ಥೆ 2014ರ ಫೆಬ್ರವರಿಯಲ್ಲಿ ದಿವಾಳಿಯಾದಾಗ ಸುಮಾರು 8 ಲಕ್ಷ 50 ಸಾವಿರ ಬಿಟ್‌ಕಾಯಿನ್‌ಗಳು ಕಾಣೆಯಾಗಿದ್ದವು. ಅವುಗಳಲ್ಲಿ ಸುಮಾರು 2 ಲಕ್ಷ ಮಾತ್ರ ಅನಂತರ ಪತ್ತೆಯಾದವು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಸಂಸ್ಥೆ ಕುಸಿದು, ಗ್ರಾಹಕರ ಹಣ ದುರ್ವಿನಿಯೋಗವಾಗಿದ್ದುದು ಬಯಲಿಗೆ ಬಂತು. ಬ್ಯಾಂಕುಗಳನ್ನು ನಂಬಲಾರದೆ ಹೊರಟವರು, ಬ್ಯಾಂಕಿಗಿರುವ ಕಟ್ಟುಪಾಡುಗಳೂ ಇಲ್ಲದ ಸಂಸ್ಥೆಗಳನ್ನು ನಂಬಿದರು.

ಎರಡನೆಯದಾಗಿ, ದುಡಿಮೆಗೆ ನ್ಯಾಯ ದೊರಕಿತೇ ಎಂಬ ಪ್ರಶ್ನೆ. 2012ರ ನವೆಂಬರಿನ ಹೊತ್ತಿಗೆ, ಎಂದರೆ ನಾಲ್ಕು ವರ್ಷಗಳೊಳಗೆ, ಎಂದೆಂದಿಗೂ ಹುಟ್ಟಬಹುದಾದ ಬಿಟ್‌ಕಾಯಿನ್‌ಗಳಲ್ಲಿ ಅರ್ಧದಷ್ಟು ಹಂಚಿಹೋಗಿದ್ದವು. ಆಗ ಅದರ ಹೆಸರನ್ನು ಬಲ್ಲವರೇ ವಿರಳ. 2010ರ ಮೇ ತಿಂಗಳಲ್ಲಿ ಫ್ಲಾರಿಡಾದ ಒಬ್ಬರು ಎರಡು ಪಿಜ್ಜಾಗಳಿಗಾಗಿ 10,000 ಬಿಟ್‌ಕಾಯಿನ್‌ಗಳನ್ನು ತೆತ್ತರು. ಅಂದು ಕೈಯಲ್ಲಿಟ್ಟುಕೊಂಡವನಿಗೂ ಇಂದು ತಿಂಗಳ ಸಂಬಳದಿಂದ ಕೊಳ್ಳುವವನಿಗೂ ಇರುವ ಅಂತರ ಶ್ರಮದ ಅಂತರವಲ್ಲ, ಮೊದಲು ಬಂದವನೆಂಬ ಅಂತರ. ಅಲ್ಲದೆ ಹಣದ ಪ್ರಮಾಣ ಬಿಗಿಯಾಗಿದ್ದರೆ ಕೂಡಿಟ್ಟವನು ಗೆಲ್ಲುತ್ತಾನೆ, ಸಾಲ ಮಾಡಿದವನು ಸೋಲುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾರದ ಪದ್ಧತಿಯ ಅಡಿಯಲ್ಲಿ ಬೆಲೆಗಳು ಇಳಿಯುತ್ತ ಬಂದಾಗ ಅಮೆರಿಕದ ರೈತನ ಸಾಲ ಅಷ್ಟೇ ಉಳಿಯಿತು, ಅದನ್ನು ತೀರಿಸಲು ಬೇಕಾದ ಗೋಧಿ ಮಾತ್ರ ಹೆಚ್ಚಿತು. 1896ರ ಚುನಾವಣೆಯಲ್ಲಿ ವಿಲಿಯಂ ಜೆನಿಂಗ್ಸ್ ಬ್ರಯನ್ ಬೆಳ್ಳಿಯನ್ನೂ ಟಂಕಿಸಬೇಕೆಂದು ರೈತರ ಪರವಾಗಿ ಹೋರಾಡಿ ಸೋತುದು ಈ ಕಾರಣದಿಂದಲೇ. ಕರಗುವ ಹಣ ಉಳಿಸಿದವನ ದುಡಿಮೆಯನ್ನು ತಿಂದರೆ, ಬಿಗಿಯಾದ ಹಣ ಸಾಲಗಾರನ ದುಡಿಮೆಯನ್ನು ತಿನ್ನುತ್ತದೆ.

ಮೂರನೆಯದಾಗಿ, ರಾಜ್ಯದ ವಿಷಯ. 2021ರ ಸೆಪ್ಟೆಂಬರಿನಲ್ಲಿ ಎಲ್ ಸಾಲ್ವಡಾರ್ ದೇಶ ಬಿಟ್‌ಕಾಯಿನ್ನನ್ನು ಶಾಸನಬದ್ಧ ಹಣವನ್ನಾಗಿ ಮಾಡಿ, ವ್ಯಾಪಾರಿಗಳು ಅದನ್ನು ಸ್ವೀಕರಿಸುವುದನ್ನು ಕಡ್ಡಾಯಗೊಳಿಸಿತು; 2025ರ ಜನವರಿಯಲ್ಲಿ ಆ ಕಡ್ಡಾಯವನ್ನು ಅದೇ ಕೈಬಿಟ್ಟಿತು. ರಾಜಾಜ್ಞೆಯನ್ನು ಒಲ್ಲದ ನಾಣ್ಯವನ್ನು ರಾಜಾಜ್ಞೆಯಿಂದಲೇ ಚಲಾಯಿಸಹೊರಟುದು ವಿಪರ್ಯಾಸವೇ ಸರಿ. ನಮ್ಮಲ್ಲಿ ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲಿ, ಇಂತಹ ನಾಣ್ಯಗಳ ವ್ಯವಹಾರಸ್ಥರಿಗೆ ಸೇವೆ ಒದಗಿಸಕೂಡದೆಂದು ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತು. ಆಗ ಆ ವ್ಯವಹಾರಸ್ಥರು ಮೊರೆಹೊಕ್ಕುದು ಸರ್ವೋಚ್ಚ ನ್ಯಾಯಾಲಯವನ್ನು. 2020ರ ಮಾರ್ಚಿನಲ್ಲಿ ನ್ಯಾಯಾಲಯ ಆ ಸುತ್ತೋಲೆಯನ್ನು ರದ್ದುಗೊಳಿಸಿತು. ರಾಜ್ಯದ ಒಂದು ಅಂಗ ಮಾಡಿದುದನ್ನು ಮತ್ತೊಂದು ಅಂಗ ತಿದ್ದಿತು. ಅಂತಹ ತಿದ್ದುಪಡಿಗೆ ಗಣಿತದ ಒಗಟಿನಲ್ಲಿ ಎಡೆಯಿಲ್ಲ. ಕದ್ದವನ ಕೈಸೇರಿದ ಬಿಟ್‌ಕಾಯಿನ್ನನ್ನು ಹಿಂದಿರುಗಿಸುವಂತೆ ಲೆಕ್ಕದ ಪುಸ್ತಕಕ್ಕೆ ಮನವಿ ಸಲ್ಲಿಸಲು ಸಾಧ್ಯವಿಲ್ಲ.

ಆದುದರಿಂದ ಬಿಟ್‌ಕಾಯಿನ್ ಪಕ್ಷಪಾತಿಯಿಂದ ನಾವು ಸ್ವೀಕರಿಸಬೇಕಾದುದು ಅವನ ಪ್ರಶ್ನೆಯನ್ನು, ಉತ್ತರವನ್ನಲ್ಲ. ಹಣವನ್ನು ಹೊರಡಿಸುವವರು ಯಾರಿಗೆ ಲೆಕ್ಕ ಒಪ್ಪಿಸಬೇಕು? ಕೂಡಿಟ್ಟವನಿಗೂ ಸಾಲಗಾರನಿಗೂ ಸಮನಾದ ನ್ಯಾಯ ಹೇಗೆ ದೊರಕಬೇಕು? ಇವು ಗಣಕಗಳು ಬಿಡಿಸತಕ್ಕ ಒಗಟುಗಳಲ್ಲ. ಪ್ರಜೆಗಳು ಶಾಸನಸಭೆಯಲ್ಲಿ, ನ್ಯಾಯಾಲಯದಲ್ಲಿ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಎತ್ತಬೇಕಾದ ಪ್ರಶ್ನೆಗಳು. ಅನರ್ಹನಾದ ಕಾವಲುಗಾರನನ್ನು ಬದಲಿಸುವ ಹಕ್ಕನ್ನು ಬಿಟ್ಟುಕೊಟ್ಟು, ಕಾವಲೇ ಬೇಡವೆಂದು ಬಾಗಿಲು ತೆರೆದಿಟ್ಟರೆ ಮನೆಯ ಧನ ಉಳಿಯುವುದೆಂದು ಹೇಳುವ ಧೈರ್ಯವನ್ನು ಇತಿಹಾಸ ನಮಗೆ ಕೊಡುವುದಿಲ್ಲ.