ಹೋಂವರ್ಕ್ ಬದಿಗಿಟ್ಟು ಬರೆದ ನಕ್ಷೆ

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಷರ್ಮರ್‌ಹಾರ್ನ್ ಹಾಲ್‌ನಲ್ಲಿ 613ನೇ ನಂಬರಿನ ಕೋಣೆಯೊಂದಿತ್ತು. ಉದ್ದ 23 ಅಡಿ, ಅಗಲ 16 ಅಡಿ. ಅಷ್ಟರಲ್ಲೇ ಎಂಟು ಮೇಜು, ಸಾಲುಸಾಲಾಗಿ ಹಾಲಿನ ಬಾಟಲಿ, ಮೂಲೆಯಲ್ಲಿ ತೂಗುಬಿಟ್ಟ ಬಾಳೆಗೊನೆ, ಎಲ್ಲೆಂದರಲ್ಲಿ ಡ್ರೊಸೊಫಿಲ ಎಂಬ ಹಣ್ಣುನೊಣ. ಜೀವವಿಜ್ಞಾನದ ಚರಿತ್ರೆಯಲ್ಲಿ ‘ಫ್ಲೈ ರೂಮ್’ ಎಂದೇ ಹೆಸರಾದ ಈ ಕೋಣೆಯ ಯಜಮಾನರು ಥಾಮಸ್ ಹಂಟ್ ಮಾರ್ಗನ್. ಆನುವಂಶಿಕತೆಯಲ್ಲಿ ವರ್ಣತಂತುಗಳ ಪಾತ್ರವೇನೆಂದು ತೋರಿಸಿಕೊಟ್ಟಿದ್ದಕ್ಕೆ 1933ರಲ್ಲಿ ನೊಬೆಲ್ ಪಡೆದವರು. ಆದರೆ ಈ ಕೋಣೆಯ ಬಗ್ಗೆ ಓದುತ್ತಾ ಹೋದವರ ಮನಸ್ಸು ಕೊನೆಗೆ ನಿಲ್ಲುವುದು ಅಲ್ಲೇ ಒಂದು ಮೇಜು ಗಿಟ್ಟಿಸಿಕೊಂಡ, ಇನ್ನೂ ಪದವಿ ಮುಗಿಸದ ಹುಡುಗನ ಬಳಿ.

ಆಲ್‌ಫ್ರೆಡ್ ಸ್ಟರ್ಟೆವಾಂಟ್ ಹುಟ್ಟಿದ್ದು 1891ರಲ್ಲಿ. ಬೆಳೆದದ್ದು ಅಲಬಾಮಾದ ಹೊಲ, ಕುದುರೆಗಳ ನಡುವೆ. ಮನೆಯ ಕುದುರೆಗಳ ವಂಶಾವಳಿ ಬರೆದಿಡುವುದು ಬಾಲ್ಯದ ಹುಚ್ಚು. 1908ರಲ್ಲಿ ಕೊಲಂಬಿಯಾ ಸೇರಿದ ಮೇಲೆ, ಕುದುರೆಗಳ ಮೈಬಣ್ಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆ ಎಂದು ಒಂದು ಪ್ರಬಂಧ ಬರೆದು ಮಾರ್ಗನ್ನರಿಗೆ ತೋರಿಸಿದ. ಮೇಷ್ಟ್ರು ಬೆನ್ನು ತಟ್ಟಿ ಕಳಿಸಲಿಲ್ಲ. ಅದನ್ನು ಅಚ್ಚಿಗೆ ಕಳಿಸಲು ಹೇಳಿದರು, ಜೊತೆಗೆ ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು. ಪ್ರಬಂಧ 1910ರಲ್ಲಿ ಪ್ರಕಟವಾಯಿತು.

ಅದೇ ಹೊತ್ತಿಗೆ ಬಂದ ಇನ್ನೊಬ್ಬ ಪದವಿ ವಿದ್ಯಾರ್ಥಿ ಕ್ಯಾಲ್ವಿನ್ ಬ್ರಿಡ್ಜಸ್. ಅವನಿಗೆ ಸಿಕ್ಕಿದ್ದು ಬಾಟಲಿ ತೊಳೆಯುವ ಕೆಲಸ. ತೊಳೆಯಲು ಎತ್ತಿಕೊಂಡ ಬಾಟಲಿಯ ದಪ್ಪ ಗಾಜಿನಾಚೆ, ಬರಿಗಣ್ಣಿಗೇ, ಉಳಿದವುಗಳಿಗಿಂತ ಹೊಳಪಾದ ಕೆಂಪು ಕಣ್ಣಿನ ನೊಣವೊಂದನ್ನು ಅವನು ಗುರುತಿಸಿದ. ವರ್ಮಿಲಿಯನ್ ಎಂದು ಹೆಸರಾದ ಆ ಮ್ಯುಟೇಶನ್ ಬ್ರಿಡ್ಜಸ್‌ನನ್ನು ತೊಟ್ಟಿಯ ಪಕ್ಕದಿಂದ ಮೇಜಿನ ಮುಂದಕ್ಕೆ ತಂದಿತು. ಸ್ಟರ್ಟೆವಾಂಟ್‌ಗಾದರೋ ಕೆಂಪು–ಹಸಿರಿನ ಬಣ್ಣಗುರುಡು. ಕಣ್ಣಿನ ಬಣ್ಣವನ್ನೇ ನೆಚ್ಚಿಕೊಂಡಿದ್ದ ಕೋಣೆಯಲ್ಲಿ ಅದು ಅವನಿಗೆ ಅಡ್ಡಿಯಾಗಲಿಲ್ಲ.

1911ರ ಕೊನೆಯ ತಿಂಗಳುಗಳು. ಕೆಲವು ಗುಣಗಳು ಒಟ್ಟೊಟ್ಟಿಗೇ ಮರಿಗಳಿಗೆ ಇಳಿಯುತ್ತವೆ, ಕೆಲವು ಆಗಾಗ ಬೇರ್ಪಡುತ್ತವೆ ಎಂಬುದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾರ್ಗನ್ನರೊಡನೆ ಮಾತಾಡುತ್ತಿದ್ದಾಗ ಸ್ಟರ್ಟೆವಾಂಟ್‌ಗೆ ಹೊಳೆಯಿತು: ಒಂದೇ ಮಾಲೆಯ ಎರಡು ಹೂಗಳು ದೂರವಿದ್ದಷ್ಟೂ ಅವುಗಳ ನಡುವೆ ದಾರ ತುಂಡಾಗುವ ಸಂಭವ ಹೆಚ್ಚು. ಜೀನ್‌ಗಳೂ ವರ್ಣತಂತುವಿನ ಮೇಲೆ ಹಾಗೆ ಸಾಲಾಗಿದ್ದರೆ, ಬೇರ್ಪಡುವ ಪ್ರಮಾಣದಿಂದಲೇ ಅವುಗಳ ದೂರ ಅಳೆಯಬಹುದಲ್ಲ! ನೊಣ ಎಣಿಸಿ ಬರೆದಿಟ್ಟ ಅಂಕಿಗಳನ್ನು ಮನೆಗೆ ಒಯ್ದ. ಕಾಲೇಜಿನ ಹೋಂವರ್ಕ್ ಬದಿಗಿಟ್ಟು, ರಾತ್ರಿಯ ಬಹುಪಾಲು ಕೂತು ಲೆಕ್ಕ ಹಾಕಿದ. ಬೆಳಗಾಗುವ ಹೊತ್ತಿಗೆ ಜಗತ್ತಿನ ಮೊದಲ ಜೀನ್ ನಕ್ಷೆ ಸಿದ್ಧವಾಗಿತ್ತು. ಇದಿಷ್ಟನ್ನೂ ಅವರೇ 1965ರಲ್ಲಿ, ಜೆನೆಟಿಕ್ಸ್‌ನ ಇತಿಹಾಸ ಕುರಿತ ತಮ್ಮ ಪುಸ್ತಕದಲ್ಲಿ ನೆನಪಿಸಿಕೊಂಡಿದ್ದಾರೆ.

1913ರಲ್ಲಿ ಪ್ರಕಟವಾದ ಆ ಲೆಕ್ಕ ಇಂದಿಗೂ ಕಣ್ಣಿಗೆ ಹಬ್ಬ. ಬಿಳಿ ಕಣ್ಣಿನ ಜೀನ್‌ಗೂ ವರ್ಮಿಲಿಯನ್‌ಗೂ ನಡುವೆ 29.7, ವರ್ಮಿಲಿಯನ್‌ಗೂ ಗಿಡ್ಡ ರೆಕ್ಕೆಯ ಮಿನಿಯೇಚರ್‌ಗೂ 3.0. ಕೂಡಿದರೆ 32.7. ಬಿಳಿ ಕಣ್ಣಿಗೂ ಮಿನಿಯೇಚರ್‌ಗೂ ನೇರವಾಗಿ ಎಣಿಸಿದಾಗ ಬಂದದ್ದು 33.7. ಒಂದೇ ಗೆರೆಯ ಮೇಲೆ, ಬಿಳಿ ಕಣ್ಣು ಮೊದಲು, ವರ್ಮಿಲಿಯನ್ ನಡುವೆ, ಮಿನಿಯೇಚರ್ ಆಮೇಲೆ. ವರ್ಣತಂತುವನ್ನು ಬಿಚ್ಚಿ ನೋಡದೆಯೇ ಅದರೊಳಗಿನ ಕ್ರಮ ಸಿಕ್ಕಿಬಿಟ್ಟಿತ್ತು.

ಇಷ್ಟಕ್ಕೆ ಬೇಕಾದ ಸಲಕರಣೆ ಅಲ್ಪ. ನೊಣವನ್ನು ಈಥರ್ ಕೊಟ್ಟು ಮಲಗಿಸಿ, ಬಿಳಿ ಟೈಲಿನ ಮೇಲೆ ಹರಡಿ, ಸಣ್ಣ ಬ್ರಷ್‌ನಿಂದ ಸರಿಸುತ್ತಾ ಎಣಿಸಬೇಕು. ಗಂಡಿನ ಹೊಟ್ಟೆಯ ತುದಿ ಕಪ್ಪು, ಮುಂಗಾಲಲ್ಲಿ ಪುಟ್ಟ ಬಾಚಣಿಗೆ. 25 ಡಿಗ್ರಿಯಲ್ಲಿ ಸುಮಾರು ಹತ್ತು ದಿನಕ್ಕೊಂದು ತಲೆಮಾರು. ಹೆಣ್ಣನ್ನು ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಬೇರ್ಪಡಿಸದಿದ್ದರೆ ಕ್ರಾಸ್ ಕೆಟ್ಟಂತೆ. ಹಾಗಾಗಿ ನೊಣ ಸಾಕುವವರು ಬೆಳಗ್ಗೆ ಬೇಗ ಬರುತ್ತಾರೆ.

ಈ ಪರಂಪರೆ ಮೈಸೂರಿಗೂ ಬಂತು. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲ ಸ್ಟಾಕ್ ಸೆಂಟರ್‌ನಲ್ಲಿ ನೊಣಕ್ಕೆ ಹಾಕುವುದು ನಮ್ಮ ಅಡುಗೆಮನೆಯದೇ ಸಾಮಾನು: ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ರವೆ, ಹತ್ತು ಗ್ರಾಂ ಅಗರ್. ಕುದಿಸಿ, ಬೂಸ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ ಬೆರೆಸಿದರೆ ಮುಗಿಯಿತು. ಎಚ್.ಎ. ರಂಗನಾಥ್ ಮತ್ತವರ ಸಂಗಡಿಗರು ಇಲ್ಲಿಯೇ ನಸುಟಾ ಗುಂಪಿನ ನೊಣಗಳನ್ನು ಕೂಡಿಸಿ, ಪ್ರಯೋಗಾಲಯದಲ್ಲೇ ಹೊಸ ವರ್ಣತಂತು ವಿನ್ಯಾಸದ ತಳಿಗಳು ರೂಪುಗೊಳ್ಳುವುದನ್ನು ತಲೆಮಾರುಗಟ್ಟಲೆ ದಾಖಲಿಸಿದರು.

ಅಮೆರಿಕದಲ್ಲಿ ಕಥೆ ಇನ್ನೂ ಮುಂದುವರಿಯಿತು. ಎಡ್ವರ್ಡ್ ಲೂಯಿಸ್ ಹೈಸ್ಕೂಲಿನಲ್ಲಿದ್ದಾಗಲೇ ಪತ್ರಿಕೆಯ ಜಾಹೀರಾತು ನೋಡಿ ಗೆಳೆಯನೊಡನೆ ನೊಣ ತರಿಸಿಕೊಂಡವರು. ಮಿನೆಸೋಟಾದಲ್ಲಿ ಪದವಿ ಓದುವಾಗ ಅಧ್ಯಾಪಕರೊಬ್ಬರು ಲ್ಯಾಬಿನಲ್ಲಿ ಮೇಜು ಕೊಟ್ಟು, ನಿನ್ನ ಕೆಲಸ ನೀನು ಮಾಡಿಕೋ ಎಂದು ಬಿಟ್ಟರು. ಮುಂದೆ ಸ್ಟರ್ಟೆವಾಂಟರ ಕೈಕೆಳಗೇ ಪಿಎಚ್.ಡಿ. ಭ್ರೂಣದಲ್ಲಿ ದೇಹದ ಭಾಗಗಳು ರೂಪುಗೊಳ್ಳುವುದನ್ನು ಜೀನ್‌ಗಳು ಹೇಗೆ ನಿಯಂತ್ರಿಸುತ್ತವೆ ಎಂಬ ಶೋಧಕ್ಕೆ 1995ರ ನೊಬೆಲ್ ಹಂಚಿಕೊಂಡರು.

ನಮ್ಮಲ್ಲೂ ಪದವಿ ವಿದ್ಯಾರ್ಥಿಗಳಿಗೆ ಇಂಥ ಬಾಗಿಲುಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾಗುವವರು ಕೆಲವರೇ. ಉಳಿದ ಬಿ.ಎಸ್ಸಿ. ಮಕ್ಕಳಿಗೆ ಪ್ರಾಕ್ಟಿಕಲ್ ಎಂದರೆ ನೊಣದ ಮರಿಹುಳುವಿನ ಜೊಲ್ಲುಗ್ರಂಥಿ ಬಿಡಿಸಿ ವರ್ಣತಂತು ನೋಡುವುದು. ಅದೇನೂ ಕಡಿಮೆ ಸೊಗಸಲ್ಲ. ಎರಡು ಸೂಜಿ ಹಿಡಿದು, ಒಂದರಿಂದ ಮೈಯನ್ನು ಒತ್ತಿ, ಇನ್ನೊಂದರಿಂದ ಬಾಯಿಯ ಕೊಕ್ಕೆ ಎಳೆದಾಗ ಗಾಜಿನಂಥ ಜೋಡಿ ಗ್ರಂಥಿ ಜಾರಿ ಬರುತ್ತದೆ. ಆರ್ಸೀನ್ ಬಣ್ಣ ಹಾಕಿ ಹೆಬ್ಬೆರಳಲ್ಲಿ ಒತ್ತಿದರೆ ಪಟ್ಟೆಪಟ್ಟೆಯ ವರ್ಣತಂತು. ಚಿತ್ರ ಬರೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡಲ್ಲಿಗೆ ಪ್ರಶ್ನೆ ಮುಗಿಯುತ್ತದೆ. ಉತ್ತರ ಮೊದಲೇ ಗೊತ್ತಿರುತ್ತದೆ.

2021ರಲ್ಲಿ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ಪದವಿ ತಂದಾಗ ಆ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಜಾಗವಿತ್ತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ರವೆ, ಬೆಲ್ಲ ಎಲ್ಲ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ಹೊಸ ಬಾಟಲಿಗೆ ದಾಟಿಸದಿದ್ದರೆ ನೊಣದ ತಳಿ ಉಳಿಯುವುದಿಲ್ಲ. ಏಪ್ರಿಲ್–ಮೇ ಸೆಕೆಗೆ ಮೂವತ್ತು ಡಿಗ್ರಿ ಮುಟ್ಟಿದರೆ ಗಂಡುಗಳು ಬಂಜೆಯಾಗುತ್ತವೆ. ಕಾಲೇಜಿಗೆ ಬೀಗ ಬೀಳುವುದೂ ಆ ತಿಂಗಳುಗಳಲ್ಲೇ. ತಳಿ ಉಳಿಸಿಕೊಳ್ಳಲು ಒಂದು ತಂಪುಪೆಟ್ಟಿಗೆ, ರಜೆಯಲ್ಲೂ ಬಾಗಿಲು ತೆಗೆದುಕೊಡುವ ಒಬ್ಬರು, ಲೆಕ್ಕದ ಹಾಳೆಯನ್ನು ಮನೆಗೆ ಒಯ್ಯಲು ಬಿಡುವ ಒಬ್ಬ ಮೇಷ್ಟ್ರು ಇದ್ದರೆ ಸಾಕಿತ್ತು. ಅಷ್ಟನ್ನು ಒದಗಿಸಲು ನಮ್ಮ ಪದವಿ ಕಾಲೇಜುಗಳಿಗೆ ಇನ್ನೂ ಆಗಿಲ್ಲ.