ನಾಲ್ಕು ತಾಲ್ಲೂಕು, ಒಂದು ಪ್ರಮಾಣಪತ್ರ

ಕೊಪ್ಪಳ ಜಿಲ್ಲೆಯ ಅಭ್ಯರ್ಥಿಗಳು ಸರ್ಕಾರಿ ಹುದ್ದೆಗೋ ವೃತ್ತಿಶಿಕ್ಷಣದ ಸೀಟಿಗೋ ಅರ್ಜಿ ಹಾಕುವಾಗ ಜಾತಿ, ಆದಾಯ ಪ್ರಮಾಣಪತ್ರಗಳ ಜತೆ ತಾವು ಸ್ಥಳೀಯರೆಂದು ತೋರಿಸಲು ಲಗತ್ತಿಸುವ ‘371 ಜೆ ಸರ್ಟಿಫಿಕೇಟ್’ ನೋಡಲು ಒಂದೇ ಹಾಳೆಯಾದರೂ, ಅದರ ಮೂಲ ನಿಜಾಮರ ಆಳ್ವಿಕೆಯ ಕಾಲದಲ್ಲಿದೆ.

ಇಂದಿನ ಕೊಪ್ಪಳ, ಯಲಬುರ್ಗಾ ಪ್ರದೇಶಗಳು ಆಗ ಸಾಲಾರ್ ಜಂಗ್ ಮನೆತನದ ಜಹಗೀರಿಗೆ, ಅಂದರೆ ಕಂದಾಯ ವಸೂಲಿಯ ಹಕ್ಕಿನೊಡನೆ ಬಿಟ್ಟುಕೊಟ್ಟ ಸೀಮೆಗೆ, ಸೇರಿದ್ದವು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಭಾಗವಾಗಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಸಂಸ್ಥಾನದಲ್ಲಿ ನೌಕರಿಗಳನ್ನು ಸ್ಥಳೀಯರಿಗೆ ಮೀಸಲಿಡುವ ‘ಮುಲ್ಕಿ’ ನಿಯಮ ಜಾರಿಯಲ್ಲಿತ್ತು. ತೆಲಂಗಾಣದವರು ಅಂಥ ರಕ್ಷಣೆಗಾಗಿ ಪಟ್ಟುಹಿಡಿದ ಫಲವಾಗಿ 1973ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಡಿ) ವಿಧಿ ಸೇರಿದರೆ, ಅದೇ ಸಂಸ್ಥಾನದಿಂದ ಬಂದ ಕನ್ನಡ ಜಿಲ್ಲೆಗಳಿಗೆ ಅಂಥದ್ದೇನೂ ದೊರೆಯಲಿಲ್ಲ.

ಅಂಥ ರಕ್ಷಣೆ ಈ ಜಿಲ್ಲೆಗಳಿಗೂ ಬೇಕೆಂದು ವೈಜನಾಥ ಪಾಟೀಲರಂಥ ನಾಯಕರು ಮುನ್ನಡೆಸಿದ ಹೋರಾಟಕ್ಕೆ ಅಂಕಿಅಂಶಗಳ ಬಲ ಒದಗಿಸಿದ್ದು, ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ ನೇಮಕಗೊಂಡು 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದ ಈ ಸಮಿತಿ, 1998ರಲ್ಲಷ್ಟೇ ಪ್ರತ್ಯೇಕ ಜಿಲ್ಲೆಯಾಗಿದ್ದ ಕೊಪ್ಪಳದ ನಾಲ್ಕು ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾಗಳನ್ನು ‘ಅತ್ಯಂತ ಹಿಂದುಳಿದ’, ಕೊಪ್ಪಳವನ್ನು ‘ಅತಿ ಹಿಂದುಳಿದ’ ಗುಂಪಿಗೆ ಸೇರಿಸಿತು. ತುಂಗಭದ್ರಾ ಎಡದಂಡೆ ನಾಲೆಯ ನೀರು, ಭತ್ತ, ಅಕ್ಕಿ ಗಿರಣಿಗಳ ಬೆಂಬಲವಿದ್ದ ಗಂಗಾವತಿ ಮಾತ್ರ ಈ ಎರಡೂ ಗುಂಪುಗಳಿಂದ ಹೊರಗುಳಿಯಿತು.

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ಈ ನಾಲ್ಕೂ ತಾಲ್ಲೂಕುಗಳಿಗೆ ಒಂದೇ ನಿಯಮ ಅನ್ವಯವಾಯಿತು. ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕ ಪ್ರದೇಶದಲ್ಲಿ ಹುಟ್ಟಿದವರು ಅಥವಾ 2013ರ ಜನವರಿ 1ಕ್ಕೆ ಹಿಂದಿನ ಹತ್ತು ವರ್ಷ ಸತತವಾಗಿ ನೆಲೆಸಿದವರು ‘ಸ್ಥಳೀಯ ವ್ಯಕ್ತಿ’ಗಳು, ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಪರಿಶೀಲನೆಯ ಬಳಿಕ ಉಪವಿಭಾಗಾಧಿಕಾರಿಯಿಂದ ಪ್ರಮಾಣಪತ್ರ ದೊರೆಯುತ್ತದೆ. ಸ್ಥಳೀಯ ವೃಂದದ, ಎಂದರೆ ಈ ಪ್ರದೇಶದ ಕಚೇರಿಗಳಿಗೆಂದೇ ಗುರುತಿಸಿದ, ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80, ‘ಡಿ’ ಗುಂಪಿನಲ್ಲಿ ಶೇ 85 ಇವರಿಗೆ ಮೀಸಲು. ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳೂ ಇವರ ಪಾಲಿಗಿವೆ.

ಆದರೆ ಈ ಸವಲತ್ತು ಕೈಗೆಟಕಬೇಕಾದರೆ ಓದು ಮುಗಿಸಿರಬೇಕು. ಮಳೆಯನ್ನೇ ನೆಚ್ಚಿದ ಕುಷ್ಟಗಿಯ ರೈತನ ಮಗಳೂ ನಾಲೆ ಬದಿಯ ಗಂಗಾವತಿಯ ಸ್ಥಿತಿವಂತರ ಮಗನೂ ಒಂದೇ ಮೀಸಲಾತಿಯಲ್ಲಿ ಪೈಪೋಟಿಗಿಳಿಯುತ್ತಾರೆ. ಗಿರಣಿಯ ಹಮಾಲರಿಗಾಗಲಿ, ಸಂತೆಯ ವ್ಯಾಪಾರಿಗಾಗಲಿ, ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರರಿಗಾಗಲಿ ಅವರ ಕಸುಬಿನಲ್ಲಿ ಈ ಪತ್ರದಿಂದ ನೇರ ಲಾಭವಿಲ್ಲ. ಅವರ ಬದುಕನ್ನು ಮುಟ್ಟುವುದು ವಿಧಿಯ ಇನ್ನೊಂದು ಭಾಗ: ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹಣ ಒದಗಿಸುವ, ಇಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎನಿಸಿಕೊಂಡ ಸಂಸ್ಥೆ. ಪ್ರಮಾಣಪತ್ರ ಅಳಿಸಲಾಗದ ತಾಲ್ಲೂಕು-ತಾಲ್ಲೂಕುಗಳ ಅಂತರವನ್ನು ತಗ್ಗಿಸುವ ಸಾಧನಗಳಲ್ಲಿ ಇದೂ ಒಂದಾಗಿರುವುದರಿಂದ ಮತ್ತು ಮಂಡಳಿಯ ಕಾರ್ಯನಿರ್ವಹಣೆಯ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು ವಿಧಿಯೇ ಹೇಳುವುದರಿಂದ, ಸರ್ಟಿಫಿಕೇಟಿಗಾಗಿ ಸರದಿಯಲ್ಲಿ ನಿಲ್ಲುವ ಕುಷ್ಟಗಿ, ಯಲಬುರ್ಗಾದ ನಾಗರಿಕರು ತಮ್ಮ ಶಾಸಕರಿಂದ ಆ ವರದಿಯ ಲೆಕ್ಕವನ್ನೂ ಕೇಳಬೇಕಾಗುತ್ತದೆ.