ಒಂಟಿರೆಕ್ಕೆಯ ಅಲೆಹಲಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ತೋಟದ ಬೇಲಿಗೆ ಕತ್ತಾಳೆ ನೆಡುವ ವಾಡಿಕೆ ಹಳೆಯದು. ಮುಳ್ಳಿನಂಚಿನ ಆ ಗಿಡ ಹಲವು ವರ್ಷ ಸುಮ್ಮನಿದ್ದು, ಜೀವಮಾನದಲ್ಲಿ ಒಮ್ಮೆ ಮಾತ್ರ ಎರಡಾಳೆತ್ತರದ ಹೂಗೊಂಬನ್ನು ಚಿಮ್ಮಿಸಿ, ಅನಂತರ ಒಣಗಿಹೋಗುತ್ತದೆ. ಒಣಗಿದ ಆ ಬೊಂಬನ್ನು ಮೊಳದುದ್ದಕ್ಕೆ ಕಡಿದು ಬೆನ್ನಿಗೆ ಕಟ್ಟಿದರೆ ಅದೇ ಬೆಂಡು. ತೋಟದ ಬಾವಿಯಲ್ಲಿ ಈಜು ಕಲಿತ ಹಿರಿಯರಿಗೆ ಇದರ ಪರಿಚಯ ಮಾಡಿಕೊಡಬೇಕಾದುದಿಲ್ಲ. ಮೊದಲ ದಿನ ಎರಡು ಬೆಂಡು, ವಾರ ಕಳೆದ ಮೇಲೆ ಒಂದು, ಆಮೇಲೊಂದು ದಿನ ಅಣ್ಣನೋ ಸೋದರಮಾವನೋ ಅದನ್ನೂ ಬಿಚ್ಚಿ ಹುಡುಗನನ್ನು ಬಾವಿಗೆ ನೂಕಿಬಿಡುವುದು, ಪಾಠಕ್ರಮ ಇಷ್ಟೆ.

ಹಗುರವಾದ ಇದೇ ಕತ್ತಾಳೆಯ ಬೊಂಬುಗಳನ್ನು ಒಂದರ ಪಕ್ಕಕ್ಕೊಂದು ಅಂಟಿಸಿ, ಕೆತ್ತಿ, ನಯಗೊಳಿಸಿ, ಕಡಲಲೆಯ ಮೇಲೆ ನಿಂತು ಸವಾರಿ ಮಾಡುವ ಹಲಗೆಗಳನ್ನು ಕ್ಯಾಲಿಫೋರ್ನಿಯದ ಗ್ಯಾರಿ ಲಿಂಡೆನ್ ಎಂಬ ಕುಶಲಿ ತಯಾರಿಸಿದ್ದಾರೆಂದರೆ ತೆಂಗಿನ ಸೀಮೆಯವರು ನಗಬಹುದು. ಬೆಂಡು ತೇಲಿಸುತ್ತದೆ, ನಿಜ. ಮೇಲೆ ನಿಂತವನ ಮಾತನ್ನು ಅದು ಕೇಳುವುದು ಹೇಗೆ? ಉತ್ತರವಿರುವುದು ಹಲಗೆಯ ಬೆನ್ನಿನಲ್ಲಲ್ಲ, ನೀರೊಳಗೆ ಮರೆಯಾದ ಅದರ ಹೊಟ್ಟೆಯಲ್ಲಿ. ಅಲ್ಲಿ ಹಿಂತುದಿಯ ಬಳಿ, ಮೀನಿನ ಬೆನ್ನುರೆಕ್ಕೆಯನ್ನು ತಲೆಕೆಳಗಾಗಿ ಕೂಡಿಸಿದಂತೆ, ಗೇಣುದ್ದದ ಒಂದೇ ಒಂದು ರೆಕ್ಕೆ ಕೆಳಗಿಳಿದಿರುತ್ತದೆ.

ಈ ರೆಕ್ಕೆ ಮೊದಲಿನಿಂದ ಇದ್ದುದಲ್ಲ. ಅಲೆಸವಾರಿ ಹವಾಯಿ ದ್ವೀಪಗಳ ಪುರಾತನ ವಿದ್ಯೆ. ಕ್ಯಾಪ್ಟನ್ ಕುಕ್ಕನ ಕೊನೆಯ ಯಾನದಲ್ಲಿದ್ದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್ ಅದನ್ನು 1779ರಲ್ಲಿ ಕಂಡು, ಬೆರಗಾಗಿ ಬರೆದಿಟ್ಟ. ಅಲ್ಲಿನ ಅರಸುಮನೆತನದವರ ಉದ್ದ ಹಲಗೆಗೆ 'ಓಲೊ' ಎಂದು ಹೆಸರು. ಅದಕ್ಕೆ ಒದಗುತ್ತಿದ್ದ ವಿಲಿವಿಲಿ ಮರವು ಮಲೆನಾಡಿನ ತೋಟಗಳಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗುವ ಹಾಲುವಾಣದ ದಾಯಾದಿಯೆಂಬುದು ಸೋಜಿಗವಲ್ಲವೆ! ಆ ಹಲಗೆಗಳ ತಳದಲ್ಲಿ ರೆಕ್ಕೆಯಿರಲಿಲ್ಲ. ತಿರುಗಿಸಬೇಕಾದರೆ ಸವಾರನು ಒಂದು ಕಾಲನ್ನು ನೀರಿಗಿಳಿಬಿಟ್ಟು ಎಳೆಯಬೇಕಾಗಿತ್ತು. ಅಲೆ ಕಡಿದಾದರಂತೂ ಹಲಗೆಯ ಹಿಂಭಾಗ ಜಾರಿ ಅಡ್ಡವಾಗುತ್ತಿತ್ತು. ಕೆರೆಯ ಏರಿಯ ಇಳಿಜಾರಿನಲ್ಲಿ ತೆಂಗಿನ ಮಟ್ಟೆಯ ಮೇಲೆ ಕುಳಿತು ಜಾರಿದ ಹುಡುಗರಿಗೆ ಇದು ಥಟ್ಟನೆ ತಿಳಿದೀತು. ಅರ್ಧ ದಾರಿಯಲ್ಲಿ ಮಟ್ಟೆ ಅಡ್ಡ ತಿರುಗಿ, ಸವಾರನನ್ನು ಉರುಳಿಸಿ, ತಾನು ಮಾತ್ರ ಸುಖವಾಗಿ ಕೆಳಗೆ ತಲುಪುತ್ತದೆ.

1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕನ್ ಈಜುಗಾರ, ಮುರಿದುಬಿದ್ದ ಮೋಟಾರು ದೋಣಿಯೊಂದರ ಲೋಹದ ಅಡಿಪಟ್ಟಿಯನ್ನು ತಂದು ತನ್ನ ಹಲಗೆಯ ಹಿಂತುದಿಯ ಕೆಳಗೆ ಕೂಡಿಸಿ ಹವಾಯಿಯ ವೈಕಿಕಿ ಕಡಲಿಗಿಳಿದ. ಹಲಗೆ ಜಾರುವುದು ನಿಂತಿತು. ಆಷಾಢದ ಗಾಳಿಪಟಕ್ಕೆ ಬಾಲಂಗೋಚಿ ಮಾಡುವ ಉಪಕಾರವನ್ನೇ ಆ ಪಟ್ಟಿ ಹಲಗೆಗೆ ಮಾಡಿತೆನ್ನಬಹುದು. ಆದರೆ ಬಾಲಂಗೋಚಿ ಮಾಡಲಾರದ ಇನ್ನೊಂದು ಕೆಲಸವನ್ನೂ ಅದು ಮಾಡಿತು. ಸವಾರನು ಹಿಂದಿನ ಪಾದವನ್ನೊತ್ತಿ ಒಂದು ಕಡೆಗೆ ವಾಲಿದಾಗ ರೆಕ್ಕೆಯೂ ವಾಲುತ್ತದೆ. ನೀರು ಅದರ ಮೈಮೇಲೆ ಓರೆಯಾಗಿ ಹರಿದು, ಹಕ್ಕಿಯ ರೆಕ್ಕೆಯನ್ನು ಗಾಳಿ ಎತ್ತುವಂತೆ ಅದನ್ನು ಪಕ್ಕಕ್ಕೆ ಒತ್ತುತ್ತದೆ. ಆ ಒಂದು ಬಿಂದುವನ್ನು ಗೂಟವಾಗಿಸಿಕೊಂಡು ಇಡೀ ಹಲಗೆ ತಿರುಗುತ್ತದೆ.

ಇಲ್ಲಿಂದ ಮುಂದಿನದು ಕುಶಲಿಯ ಕೈಚಳಕ. ಹಲಗೆ ಎಷ್ಟು ಅಡಿಯೋ ರೆಕ್ಕೆ ಸುಮಾರು ಅಷ್ಟು ಅಂಗುಲವಿರಲಿ ಎಂಬುದು ಅವರ ಬಾಯಿಲೆಕ್ಕ. ಒಂಬತ್ತಡಿಯ ಹಲಗೆಗೆ ಒಂಬತ್ತಂಗುಲ. ರೆಕ್ಕೆ ನೆಟ್ಟಗೆ ನಿಂತಿದ್ದರೆ ಹಲಗೆ ನಿಂತಲ್ಲೇ ತಿರುಗೀತು. ಕುಡುಗೋಲಿನಂತೆ ಹಿಂದಕ್ಕೆ ಬಾಗಿದ್ದರೆ ತಿರುವು ದೀರ್ಘವಾಗಿ, ಕಮಾನಿನಂತೆ ಬರುತ್ತದೆ. ಹಲಗೆಯ ತಳದ ಉದ್ದನೆಯ ಗಾಡಿಯೊಳಗೆ ರೆಕ್ಕೆಯನ್ನು ಹಿಂದು ಮುಂದು ಸರಿಸಿ ಬಿಗಿಯುವ ಏರ್ಪಾಡೂ ಉಂಟು. ಬೆರಳಗಲ ಮುಂದೆ ಸರಿಸಿದರೆ ಹಲಗೆ ಚುರುಕಾಗುತ್ತದೆ, ಹಿಂದೆ ಸರಿಸಿದರೆ ಗಾಂಭೀರ್ಯ ತಾಳುತ್ತದೆ. ರೆಕ್ಕೆಯ ತುದಿ ತುಸು ಬಳುಕಬೇಕೆಂದು ಕಂಡುಕೊಂಡವರು ಜಾರ್ಜ್ ಗ್ರೀನೋ; ಮೀನಿನ ಬಾಲದ ಬಳುಕೇ ಅವರಿಗೆ ಗುರು. ಅಂತಹ ರೆಕ್ಕೆಯನ್ನು ತೊಡಿಸಿದ ಹಲಗೆಯ ಮೇಲೆ ಆಸ್ಟ್ರೇಲಿಯದ ನ್ಯಾಟ್ ಯಂಗ್ 1966ರ ವಿಶ್ವ ಪಂದ್ಯವನ್ನು ಸ್ಯಾನ್ ಡಿಯಾಗೋದಲ್ಲಿ ಗೆದ್ದರು. ಆ ಹೊತ್ತಿಗೆ ಹಲಗೆಯ ಒಡಲು ಮರದ್ದಾಗಿ ಉಳಿದಿರಲಿಲ್ಲ. ರಾಸಾಯನಿಕ ನೊರೆಯ ಹಗುರವಾದ ತಿರುಳು, ಅದರ ಮೇಲೆ ಗಾಜಿನ ನಾರಿನ ಬಟ್ಟೆ, ರಾಳದ ಲೇಪ. ನಾರಿನ ತಿರುಳನ್ನು ನೀರಿಳಿಯದ ಸಿಪ್ಪೆಯಲ್ಲಿ ಸುತ್ತಿದ ತೆಂಗಿನಕಾಯಿಯದೇ ಉಪಾಯ!

ಅನಂತರ ರೆಕ್ಕೆಗಳು ಹೆಚ್ಚಿದವು. ಮಾರ್ಕ್ ರಿಚರ್ಡ್ಸ್ ಎರಡು ರೆಕ್ಕೆಯ ಹಲಗೆಗಳಲ್ಲಿ 1979ರಿಂದ 1982ರವರೆಗೆ ನಾಲ್ಕು ವರ್ಷ ವಿಶ್ವವಿಜೇತರಾದರು. ಅದೇ ದೇಶದ ಸೈಮನ್ ಆಂಡರ್ಸನ್ 1980ರಲ್ಲಿ ಮೂರು ರೆಕ್ಕೆಗಳನ್ನು ಕೂಡಿಸಿ, ಮರುವರ್ಷ ದೊಡ್ಡ ಪಂದ್ಯಗಳನ್ನು ಗೆದ್ದ ಮೇಲೆ ಪಂದ್ಯದ ಹಲಗೆಯೆಂದರೆ ಮೂರು ರೆಕ್ಕೆಯದು ಎಂಬುದು ರೂಢಿಯಾಯಿತು. ಅದು ಹೆಚ್ಚು ಸಮರ್ಥವೆಂಬುದರಲ್ಲಿ ವಾದವಿಲ್ಲ. ಪಕ್ಕದ ರೆಕ್ಕೆಗಳನ್ನು ಒತ್ತಿ ಒತ್ತಿ ಸವಾರನು ತಾನೇ ವೇಗವನ್ನು ಹುಟ್ಟಿಸಿಕೊಳ್ಳಬಲ್ಲ. ಚಿಟಿಕೆ ಹೊಡೆಯುವುದರೊಳಗೆ ತಿರುಗಬಲ್ಲ. ಒಂಟಿರೆಕ್ಕೆಯಲ್ಲಿ ಈ ಸೌಲಭ್ಯವಿಲ್ಲ. ಅಲೆ ಕೊಟ್ಟಷ್ಟೇ ವೇಗ. ಅವಸರದಿಂದ ತಿರುಚಿದರೆ ಅದು ಒಪ್ಪುವುದಿಲ್ಲ. ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಗೋಡೆಯಾಗಿ ನಿಲ್ಲುತ್ತದೆ ಎಂಬುದನ್ನು ಮುಂಚಿತವಾಗಿ ಓದಿಕೊಂಡು, ಮೈಭಾರವನ್ನು ಮೆಲ್ಲನೆ ಒಪ್ಪಿಸಬೇಕು. ಆಗ ಹಲಗೆ ಸದ್ದಿಲ್ಲದೆ ಓಡುತ್ತದೆ. ಉದ್ದ ಹಲಗೆಯ ನಿಪುಣರು ಹಿಂದಿನಿಂದ ಮುಂತುದಿಯವರೆಗೆ ಒಂದೊಂದೇ ಹೆಜ್ಜೆಯಿಟ್ಟು ನಡೆದುಹೋಗಿ, ಕಾಲ್ಬೆರಳುಗಳನ್ನು ಅಂಚಿನಾಚೆ ಚಾಚಿ ನಿಲ್ಲುವುದುಂಟು. ಹಿಂದೆ ಯಾರೂ ಇಲ್ಲದ ಆ ಹಲಗೆಯ ಬಾಲವನ್ನು ಅಲೆಯ ನೀರೂ ಆ ಒಂದು ರೆಕ್ಕೆಯೂ ಹಿಡಿದಿರುತ್ತವೆ. ಪಂದ್ಯಕ್ಕೆ ನಿಲ್ಲದೆ ಸಂತೋಷಕ್ಕಾಗಿ ಕಡಲಿಗಿಳಿಯುವವರು ಈ ಹಳೆಯ ಹಲಗೆಯನ್ನು ಕೈಬಿಟ್ಟಿಲ್ಲವೆಂದರೆ ಆಶ್ಚರ್ಯವೇನು?

ಇಷ್ಟೆಲ್ಲ ನಡೆಯುವ ಕಡಲು ತೆಂಗಿನ ಸೀಮೆಗೆ ದೂರವೆನ್ನುವಂತಿಲ್ಲ. ತಿಪಟೂರನ್ನು ಹಾಯುವ ಹೆದ್ದಾರಿಯೇ ಅರಸೀಕೆರೆ, ಬೇಲೂರು, ಮೂಡಿಗೆರೆಗಳನ್ನು ದಾಟಿ, ಚಾರ್ಮಾಡಿ ಘಟ್ಟವಿಳಿದು ಮಂಗಳೂರನ್ನು ಮುಟ್ಟುತ್ತದೆ. ಅಲ್ಲಿಂದ ಬಡಗಲಿಗೆ ಸುಮಾರು 30 ಕಿಲೋಮೀಟರು ಹೋದರೆ ಮುಲ್ಕಿ. 1960ರ ದಶಕದಲ್ಲಿ, ಎಂದರೆ ಹಲಗೆಗಳೆಲ್ಲ ಬಹುಮಟ್ಟಿಗೆ ಒಂಟಿರೆಕ್ಕೆಯವೇ ಆಗಿದ್ದ ಕಾಲದಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ಅಲೆಸವಾರಿ ಕಲಿತ ಜ್ಯಾಕ್ ಹೆಬ್ನರ್ ಕಾಲಾಂತರದಲ್ಲಿ ಸಂನ್ಯಾಸಿಯಾಗಿ ಈ ಊರಿಗೆ ಬಂದು ನೆಲಸಿದರು. 2004ರಲ್ಲಿ ಇಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್ಬು ಅವರ ಆಶ್ರಮದ ಕೂಸು. 'ಸರ್ಫಿಂಗ್ ಸ್ವಾಮಿ' ಎಂದೇ ಅವರು ಹೆಸರಾದರು. ಶಾಂಭವಿ, ನಂದಿನಿ ನದಿಗಳು ಕಡಲಿಗೆ ಸೇರುವ ಆಸುಪಾಸಿನ ಮರಳದಿಬ್ಬಗಳ ಮೇಲೆ ಅಲೆಗಳು ಅಂದವಾಗಿ ಮುರಿಯುತ್ತವೆ. ಸಮೀಪದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಪಂದ್ಯ ನಡೆಯಿತು. ಮುಲ್ಕಿಯ ಹುಡುಗಿ ತನ್ವಿ ಜಗದೀಶ್ ಹುಟ್ಟು ಹಿಡಿದು ನಿಂತು ಸಾಗುವ ಹಲಗೆಯ ಕ್ರೀಡೆಯಲ್ಲಿ ದೇಶಕ್ಕೆ ಹೆಸರು ತಂದರು.

ತೆಂಗಿನ ಸೀಮೆಯ ಮಕ್ಕಳ ಸಂಗತಿ ಬೇರೆ. ಕೊಳವೆಬಾವಿಗಳು ಬಂದ ಮೇಲೆ ತೋಟದ ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ಬೆಂಡು ಕಟ್ಟಿಕೊಂಡು ಇಳಿಯಲು ನೀರಿಲ್ಲದ ತಲೆಮಾರೊಂದು ಬೆಳೆದಿದೆ. ರಜೆಯಲ್ಲಿ ಬಸ್ಸು ಮಾಡಿಕೊಂಡು ಹೋಗಿ ಕಡಲನ್ನು ಕಂಡೊಡನೆ ಓಡಿ ಇಳಿಯುವವರು ಈ ಮಕ್ಕಳೇ. ಮಲ್ಲಾಘಟ್ಟದ ಕೆರೆಯಲ್ಲಿ ಈಜಿ ಬಲ್ಲವರ ಧೈರ್ಯವೂ ಅಲ್ಲಿ ಸಾಲದು. ದಡಕ್ಕೆ ಬಂದ ನೀರು ಹಿಂದಿರುಗುವಾಗ ಒಂದೆಡೆ ಕೂಡಿಕೊಂಡು, ಹೊಳೆಯಂತೆ ಕಡಲೊಳಕ್ಕೆ ಸೆಳೆಯುತ್ತದೆ. ಅಲೆ ಮುರಿಯದೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ವೇಳೆ ಆ ಸೆಳವಿನ ಹಾದಿ. ಅದಕ್ಕೆ ಎದುರಾಗಿ ದಡಕ್ಕೆ ಈಜಿದವನು ಸೋಲುತ್ತಾನೆ; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದವನು ಹೊರಬರುತ್ತಾನೆ. ಅಲೆಸವಾರಿ ಕಲಿಯುವವನಿಗೆ ಹಲಗೆಯ ಮೇಲೆ ನಿಲ್ಲುವುದಕ್ಕಿಂತ ಮೊದಲೇ ಈ ಅರಿವು ಬೇಕು. ಹಲಗೆಯನ್ನು ಕಾಲಿಗೆ ಬಿಗಿದಿಡುವ ಹುರಿ (ತೆಂಗಿನ ನಾರಿನದಲ್ಲ, ಹಿಗ್ಗುವ ಪ್ಲಾಸ್ಟಿಕ್ಕಿನದು) ಬಳಕೆಗೆ ಬಂದುದು 1970ರ ದಶಕದಲ್ಲಿ. ಅದಕ್ಕೆ ಮೊದಲು ಬಿದ್ದವನು ಈಜಿಯೇ ದಡ ಸೇರಬೇಕಾಗಿತ್ತು. ಹುರಿಯನ್ನು ನಂಬಿ ಈಜು ಕಲಿಯದಿರುವುದು ಇಂದಿಗೂ ಅವಿವೇಕ.

ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಹೋಗುವವರು ಬೆಳಗಿನ ಹೊತ್ತು, ಗಾಳಿ ಏಳುವ ಮುನ್ನ ಇಳಿಯುವುದು ಲೇಸು. ಹಲಗೆಯನ್ನು ಮರಳಿನ ಮೇಲಿಡುವಾಗ ರೆಕ್ಕೆಗೆ ಪೆಟ್ಟಾಗದಂತೆ ಹೊಟ್ಟೆ ಮೇಲಾಗಿ ಮಲಗಿಸುತ್ತಾರೆ. ಹಾಗೆ ಮಲಗಿಸುವ ಮೊದಲು, ಕಾಲು ಜಾರದಿರಲೆಂದು ಹಲಗೆಯ ಬೆನ್ನಿಗೆ ಮೇಣ ತಿಕ್ಕುವುದು ಕ್ರಮ. ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಿ ಕೆಲವರು ಅದನ್ನು ಮನೆಯಲ್ಲೇ ಕಾಸಿಕೊಳ್ಳುತ್ತಾರೆ. ಅಂಗಡಿಯ ಮೇಣಕ್ಕೂ ಬಹುವೇಳೆ ತೆಂಗಿನ ಪರಿಮಳವನ್ನೇ ಕೂಡಿಸಿರುತ್ತಾರೆ. ತಿಪಟೂರಿನಿಂದ ಘಟ್ಟವಿಳಿದು ಬಂದ ಹುಡುಗನ ಮೂಗಿಗೆ ಆ ಪರದೇಶದ ಹಲಗೆಯಿಂದ ಮೊದಲು ತಾಗುವುದು ಮನೆಯ ಅಟ್ಟದ ವಾಸನೆ.